ಐದಕ್ಕೊಂದು ಕೊಸರು

೧೬ ಜುಲೈ, ಬುಧವಾರ

ಶಾಲೆ ನೋಡಲು ಬಂದಿದ್ದ ಸಾಹೇಬನ ನಗು ಇನ್ನೂ ಕಿವಿಯಲ್ಲಿದೆ. ಐದೈದು ಹುಣಸೆ ಬೀಜದ ನಾಲ್ಕು ಗುಂಪು ಮಾಡಿ ಎಣಿಸು ಎಂದರೆ ನನ್ನ ತರಗತಿಯ ಶಬನಂ ಇಪ್ಪತ್ನಾಲ್ಕು ಎಂದಳು. ಪ್ರತಿ ಗುಂಪಿಗೂ ಒಂದು ಹೆಚ್ಚು ಹಾಕಿದ್ದಳು.

“ಕೊಸರ್ರೀ, ಟೀಚರ್.”

ಅವಳಜ್ಜಿ ಹುಸೇನ್ ಬೀ ಕೌಲ್ ಬಜಾರಿನಲ್ಲಿ ನಿಂಬೆಹಣ್ಣು ಮಾರುತ್ತಾಳೆ. ಐದು ಕೊಂಡರೆ ಮೇಲೊಂದು ಕೊಸರು. ವಾರವಾರ ಕೇಳಿ ಹಾಕಿಸಿಕೊಳ್ಳುವವಳು ನಾನೇ. ಆದರೂ ಸಾಹೇಬನೆದುರು ಅದನ್ನು ಹೇಳದೆ, “ಐದಂದ್ರ ಐದ! ತಲಿ ಐತೋ ಇಲ್ಲೋ ನಿನಗ?” ಎಂದು ಗದರಿದೆ.

ಸಂಜೆ ನಿಂಬೆಹಣ್ಣಿಗೆ ಹೋದರೆ ಅಜ್ಜಿಯ ಜಾಗದಲ್ಲಿ ಶಬನಂ ಕೂತಿದ್ದಳು. ಐದು ಎಣಿಸಿ ಚೀಲಕ್ಕೆ ಹಾಕಿದಳು. ನಾನು ರೂಢಿಯಂತೆ ಚೀಲ ಹಿಡಿದೇ ನಿಂತೆ.

“ಐದಂದ್ರ ಐದ ರೀ, ಟೀಚರ್.”

ಸಿಟ್ಟಿಲ್ಲ, ಪಾಠ ಒಪ್ಪಿಸುವ ದನಿ. ಶಹಬ್ಬಾಸ್ ಎನ್ನಬೇಕಿತ್ತು. ಐದರ ದುಡ್ಡು ಕೊಟ್ಟು ಚೀಲದ ಬಾಯಿ ಕಟ್ಟಿದೆ.