ಮಗಳಿಗೆ ಬರುವ ಒಂದೇ ತುಳು ಮಾತು

ಸೃಷ್ಟಿಯ ಅಪ್ಪನಿಗೆ,

ನೀವು ಓದುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನನ್ನ ಮಾತನ್ನು ಪೂರ್ತಿ ಕೇಳಿದವರಲ್ಲ.

ನಿಮ್ಮ ಮಗಳು ಈಗ ಸೆನೆಕಾ ಕಲಿಯುತ್ತಿದ್ದಾಳೆ. ಅದು ಅಮೆರಿಕದ ಮೂಲನಿವಾಸಿಗಳ ಭಾಷೆ. ಚೆನ್ನಾಗಿ ಬಲ್ಲವರು ಕೆಲವೇ ಮಂದಿ ಹಿರಿಯರು ಉಳಿದಿದ್ದಾರಂತೆ, ಅದನ್ನು ಸಾಯಲು ಬಿಡಬಾರದಂತೆ. ತುಳು ಕಿವಿಗೆ ಬಿದ್ದರೆ ಮಗುವಿನ ಇಂಗ್ಲಿಷ್ ಕೆಡುತ್ತದೆ ಅಂತ ನನಗೆ ತಾಕೀತು ಮಾಡಿದ್ದಿರಲ್ಲ, ಲಂಡನ್ನಿನ ಫೆಲ್ಥಮ್‌ನ ಅದೇ ಅಡುಗೆಮನೆಯಲ್ಲಿ ಶನಿವಾರ ಶನಿವಾರ ಲ್ಯಾಪ್‌ಟಾಪ್ ತೆರೆದು, ಎಲ್ಲೆಲ್ಲಿಯದೋ ಜನರ ಜೊತೆ ಆನ್‌ಲೈನ್ ಪಾಠಕ್ಕೆ ಕೂರುತ್ತಾಳೆ.

ಇವತ್ತು ಪಾಠದ ನಡುವೆ ಅವಳಿಗೆ ಚಾ ಕೊಡಲು ಹೋದೆ. ಕಲಿಸುವ ಅಜ್ಜಿ ನನ್ನನ್ನು ಕಂಡು, "ಅಮ್ಮನಿಗೆ ನಿಮ್ಮ ಭಾಷೆಯಲ್ಲಿ ಏನಾದರೂ ಹೇಳು, ನಾವೂ ಕೇಳೋಣ" ಅಂದರು. ಸೃಷ್ಟಿಯ ಮುಖ ಕೆಂಪಾಯಿತು. "ನನಗೆ ಒಂದೇ ವಾಕ್ಯ ಬರೋದು. ಅಪ್ಪ ದಿನಾ ಅಮ್ಮನಿಗೆ ಹೇಳ್ತಿದ್ದದ್ದು. ಅರ್ಥ ಗೊತ್ತಿಲ್ಲ" ಅಂತ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿದಳು.

"ಮನಿಪಂದೆ ಕುಲ್ಲು."

ನಿಮ್ಮದೇ ರಾಗ, ಕೊನೆಯಲ್ಲಿ ನಿಮ್ಮದೇ ಒತ್ತು. ಉಚ್ಚಾರದಲ್ಲಿ ಒಂದು ತಪ್ಪಿಲ್ಲ.

ಅಜ್ಜಿ ಅರ್ಥ ಕೇಳಿದರು. ಬಾಯಿ ಮುಚ್ಚಿಕೊಂಡು ಕೂತಿರು ಅಂತ ಹೇಳಲು ನನಗೆ ನಾಲಿಗೆ ಏಳಲಿಲ್ಲ. "ಕೆಲಸ ಸಾಕು, ಸ್ವಲ್ಪ ಕೂತ್ಕೋ ಅಂತ" ಅಂದೆ.

"ಎಷ್ಟು ಪ್ರೀತಿಯ ಮಾತು" ಅಂದರು ಅಜ್ಜಿ. ಮಗಳು ನನ್ನ ಕೈ ಹಿಡಿದುಕೊಂಡು, ನಿಮ್ಮನ್ನು ನೆನೆದು ಕಣ್ಣೊರೆಸಿಕೊಂಡಳು. ಆಮೇಲೆ ತೆರೆಯ ಮೇಲಿದ್ದ ಅಷ್ಟೂ ಜನ ನಗುನಗುತ್ತಾ, ಒಟ್ಟಿಗೆ, ನನಗೆ ಅದನ್ನೇ ಹೇಳಿದರು.

ನಾನು ಕೂತೆ.

ಸುಗುಣಾ