ಉಪ್ಪು ಹಾಕದ ಬಾಗ್ನೆಟ್

ನಾರ್ವಕಾನ್, ಇಲೋಕೋಸ್
ಫೆಬ್ರವರಿ 9, 2019, ಶನಿವಾರ ಮಧ್ಯಾಹ್ನ

ಪ್ರೀತಿಯ ಲಿತಾ,

ಹೇಗಿದ್ದೀ? ಸೊಂಟದ ನೋವು ಇಳಿಯಿತೇ? ಹೈಫಾದಲ್ಲಿ ಚಳಿಯೂ ಮಳೆಯೂ ಒಟ್ಟಿಗೇ ಬಂದಿವೆಯಂತೆ, ಟಿವಿಯಲ್ಲಿ ನೋಡಿದೆ. ನೀನು ನೋಡಿಕೊಳ್ಳುವ ಅಜ್ಜಿಯನ್ನು ಒಬ್ಬಳೇ ಎತ್ತಬೇಡ. ಅವರ ಮಗನನ್ನು ಕರೆ. ಕರೆದರೆ ಅವನಿಗೆ ಬೇಸರವಾಗುತ್ತದೆ ಎಂದು ನೀನು ಕರೆಯುವುದಿಲ್ಲ, ನನಗೆ ಗೊತ್ತು.

ನಾನು ಚೆನ್ನಾಗಿದ್ದೇನೆ ಎಂದು ಬರೆದು ಮುಂದೆ ಹೋಗಬಹುದಿತ್ತು. ಫೋನಿನಲ್ಲಿ ಇಷ್ಟು ದಿನ ಹಾಗೇ ಮಾಡಿದೆ. ನವೆಂಬರಿನಲ್ಲಿ ನಾಲ್ಕು ದಿನ ನಿನ್ನ ಫೋನ್ ಎತ್ತಲಿಲ್ಲವಲ್ಲ, ಕಾಂದೋನಿನಲ್ಲಿ ಮದುವೆಗೆ ಹೋಗಿದ್ದೆ ಎಂದೆ. ಯಾವ ಮದುವೆಯೂ ಇರಲಿಲ್ಲ. ಮಾರುಕಟ್ಟೆ ತಿರುವಿನಲ್ಲಿ ಜೀಪ್ನಿ ಓಡಿಸುತ್ತಿದ್ದಾಗ ಬಾಯಿ ಒಂದು ಕಡೆಗೆ ವಾಲಿತು, ನಾಲಿಗೆ ಹೊರಳಲಿಲ್ಲ. ಹೇಗೋ ಗಾಡಿ ನಿಲ್ಲಿಸಿದೆ. ಯಾರಿಗೂ ಏಟಾಗಲಿಲ್ಲ. ಪ್ರಯಾಣಿಕರೇ ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತದೊತ್ತಡ ಏರಿ ತಲೆಯಲ್ಲಿ ರಕ್ತ ಕಟ್ಟಿತ್ತಂತೆ. ಜೀಪ್ನಿಯನ್ನು ಈಗ ನಿನ್ನ ತಮ್ಮ ಓಡಿಸುತ್ತಾನೆ. ನಿನಗೆ ಹೇಳಬಾರದೆಂದು ಅವನ ಹತ್ತಿರ ಆಣೆ ಹಾಕಿಸಿಕೊಂಡವನು ನಾನೇ, ಅವನ ಮೇಲೆ ಕೋಪ ಮಾಡಿಕೊಳ್ಳಬೇಡ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ದಿನಾ ಏನು ತಿನ್ನುತ್ತೀರಿ ಎಂದು ಕೇಳಿದಳು. ಬೆಳಿಗ್ಗೆ ಒಣಮೀನು, ಮಧ್ಯಾಹ್ನ ಪಕ್ಕದ ಮನೆ ಉರ್ಬಾನಾಳ ಅಂಗಡಿಯಲ್ಲಿ ಗರಿಗರಿಯಾಗಿ ಕರಿದ ಹಂದಿಮಾಂಸದ ಬಾಗ್ನೆಟ್, ಜೊತೆಗೆ ಮೀನಿನ ಉಪ್ಪುಗೊಜ್ಜು, ರಾತ್ರಿ ಮಿಕ್ಕದ್ದು ಎಂದೆ. ಅವಳು ಪೆನ್ನು ಕೆಳಗಿಟ್ಟು, "ಉಪ್ಪು ಬಿಡ್ತೀರೋ, ಹೆಂಡ್ತೀನ ಬಿಡ್ತೀರೋ?" ಎಂದಳು. ಹೆಂಡತಿ ಹೊರದೇಶಕ್ಕೆ ದುಡಿಯಲು ಹೋಗಿ, ಅವಳನ್ನು ಬಿಟ್ಟೇ ಹನ್ನೊಂದು ವರ್ಷ ಆಯಿತಮ್ಮ ಅನ್ನಬೇಕೆನಿಸಿತು, ಔಷಧಿ ಚೀಟಿ ತೆಗೆದುಕೊಂಡು ಎದ್ದೆ.

ಎರಡು ತಿಂಗಳು ಬೇಯಿಸಿದ ಸೊಪ್ಪು, ಸಪ್ಪೆ ಗಂಜಿ. ಹಸಿವೆಯೇ ಸತ್ತುಹೋಯಿತು. ಕಡೆಗೆ ಡಾಕ್ಟರು, ತಿಂಗಳಿಗೊಮ್ಮೆ ಅಂಗೈ ಅಗಲದ ಹಂದಿಮಾಂಸ ಆಗಬಹುದು, ಉಪ್ಪು ಮಾತ್ರ ಮುಟ್ಟಕೂಡದು ಎಂದಳು. ಆ ಮಾತು ಕೇಳಿದ್ದೇ ಮಾರುಕಟ್ಟೆಗೆ ಹೋದೆ. ಎಷ್ಟು ಜನಕ್ಕೆ ಎಂದು ಮಾಂಸದವನು ಕೇಳಿದ. ಮನೆ ತುಂಬ ನೆಂಟರು ಎಂದುಬಿಟ್ಟೆ. ಯಾಕೆ ಹಾಗೆಂದೆನೋ. ಅವನು ಹೊಟ್ಟೆಯ ಭಾಗದ ದೊಡ್ಡ ತುಂಡನ್ನೇ ಕತ್ತರಿಸಿ ಕೊಟ್ಟ, ಬೇಡ ಅನ್ನಲು ನಾಚಿಕೆಯಾಯಿತು.

ಮೊದಲ ಸಲ ಎಲ್ಲ ಕೆಟ್ಟಿತು. ನೀರಿನಲ್ಲಿ ಬೇಯಿಸಿದೆ, ಹಸಿಹಸಿಯಾಗಿಯೇ ಎಣ್ಣೆಗೆ ಬಿಟ್ಟೆ. ಎಣ್ಣೆ ಸಿಡಿದು ಗೋಡೆ, ಕ್ಯಾಲೆಂಡರು ಎಲ್ಲ ಹಾಳು. ಚರ್ಮ ಚಪ್ಪಲಿಯ ಅಟ್ಟೆಯಂತಾಯಿತು. ಸದ್ದಿಗೆ ಓಡಿಬಂದ ಉರ್ಬಾನಾ ಅಕ್ಕ ಬಾಣಲೆ ನೋಡಿ, "ನಲವತ್ತು ವರ್ಷದಿಂದ ನನ್ನ ಬಾಗ್ನೆಟ್ ತಿಂತಿದ್ದೀಯ, ಒಂದ್ ದಿನಾನಾದ್ರೂ ಹೆಂಗೆ ಮಾಡ್ತಾಳೆ ಅಂತ ನೋಡ್ಲಿಲ್ವಲ್ಲೋ" ಎಂದು ಬೈದಳು. ಎಪ್ಪತ್ತಾದರೂ ಅವಳ ಬಾಯಿ ಮಾತ್ರ ಹಾಗೇ ಇದೆ.

ಮುಂದಿನ ತಿಂಗಳು ಅವಳೇ ಪಕ್ಕದಲ್ಲಿ ನಿಂತಳು. ಉಪ್ಪಿನ ಬದಲು ಒಂದು ಹಿಡಿ ಬೆಳ್ಳುಳ್ಳಿ, ಕಾಳುಮೆಣಸು, ಪಲಾವಿನ ಎಲೆ, ಮಜ್ಜಿಗೆಹುಲ್ಲು ಹಾಕಿ ಬೇಯಿಸಿದೆವು. ಚರ್ಮದ ತುಂಬ ಅವಳೇ ಮುಳ್ಳುಚಮಚದಿಂದ ಚುಚ್ಚಿದಳು. ಉಪ್ಪು ನೀರನ್ನು ಎಳೆಯುತ್ತದಂತೆ, ಅದಿಲ್ಲದ ಮೇಲೆ ಗಾಳಿಗೇ ಒಣಗಬೇಕು ಎಂದು ಇಡೀ ದಿನ ಫ್ರಿಜ್ಜಿನಲ್ಲಿ ಮುಚ್ಚದೆ ಇಡಿಸಿದಳು. ಸಣ್ಣ ಉರಿಯಲ್ಲಿ ಒಮ್ಮೆ ಕರಿದು, ಆರಿಸಿ, ಜೋರು ಉರಿಯಲ್ಲಿ ಮತ್ತೆ ಬಿಟ್ಟಾಗ ಚರ್ಮ ಪುಟುಪುಟು ಉಬ್ಬಿತು ನೋಡು. ಉಪ್ಪುಗೊಜ್ಜಿನ ಜಾಗಕ್ಕೆ ಕಬ್ಬಿನ ವಿನೆಗರ್, ಜಜ್ಜಿದ ಸಣ್ಣೀರುಳ್ಳಿ, ಟೊಮೇಟೊ, ಖಾರದ ಮೆಣಸು.

ಉರ್ಬಾನಾ ಒಂದು ಚೂರು ಬಾಯಿಗೆ ಹಾಕಿಕೊಂಡು, "ಉಪ್ಪಿಲ್ಲ ಅಂತ ಗೊತ್ತಾಗೋದು ಎರಡನೇ ತುತ್ತಿಗೇನೆ" ಎಂದಳು. ಅವಳ ಬಾಯಿಂದ ಇಷ್ಟು ಹೊಗಳಿಕೆ ಬಂದದ್ದು ನಾನು ಕೇಳಿಲ್ಲ. ಅಂಗಡಿಗೆ ಹೊತ್ತಾಯಿತೆಂದು ಹೊರಟಳು. ನಾನು ಅನ್ನ ಬಡಿಸಿಕೊಂಡು ಕೂತೆ. ಕಚ್ಚಿದೆ. ಲಿತಾ, ಆ ಕರುಕುರು ಸದ್ದು ಅಡುಗೆಮನೆಯಿಂದ ಹಿಡಿದು ಮುಂಬಾಗಿಲವರೆಗೆ ಕೇಳಿಸಿತು. ಮನೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ನಾಚಿಕೆಯಾದವನಂತೆ ಅಗಿಯುವುದನ್ನು ನಿಲ್ಲಿಸಿದೆ. ಆಮೇಲೆ ರೇಡಿಯೋ ಹಾಕಿ ಮಿಕ್ಕದ್ದು ತಿಂದೆ. ರುಚಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಬೆಚ್ಚಗಿರು, ಸ್ವೆಟರ್ ಹಾಕಿಕೋ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಸಂತ ಲೂಸಿಯಾ ತಾಯಿ ನಿನ್ನನ್ನು ಕಾಯಲಿ.

ನಿನ್ನ
ಪ್ರುಡೆನ್ಸಿಯೊ

ಮರೆತ ಮಾತು: ಹೈಫಾಕ್ಕೆ ಹೊರಟಿರುವ ಹುಡುಗಿ ಈ ಕಾಗದ ಒಯ್ಯಲು ಗೇಟಿನಲ್ಲಿ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಇನ್ನೆರಡು ವರ್ಷಕ್ಕೆ ಒಪ್ಪಂದ ಮುಂದುವರಿಸಲು ಮಾರ್ಚ್‌ನಲ್ಲಿ ಸಹಿ ಹಾಕಬೇಕು ಎಂದಿದ್ದೆಯಲ್ಲ, ಹಾಕಬೇಡ. ಆ ದುಡ್ಡಿನಲ್ಲಿ ಮನೆಗೆ ಮಹಡಿ ಕಟ್ಟೋಣ ಎಂದಿದ್ದೆವು, ಕಟ್ಟದಿದ್ದರೂ ಪರವಾಗಿಲ್ಲ. ಎಡಗೈಯ ಬೆರಳು ಆಡದೆ ನನಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿಲ್ಲ. ದಿನಾ ಬೆಳಿಗ್ಗೆ ಉರ್ಬಾನಾ ಬಂದು ಹಾಕಿ ಹೋಗುತ್ತಾಳೆ, ನಾನು ಗೋಡೆ ನೋಡುತ್ತಾ ನಿಂತಿರುತ್ತೇನೆ. ಮನೆಗೆ ಬಾ.