ಕಾಗದದ ವಯಸ್ಸು

ಕಾಯ್ ಬೇ,
ಜೂನ್ ೧೪, ೨೦೨೫

ಮಗಳು ತೋವಾಳಿಗೆ, ಆಶೀರ್ವಾದ ಮಾಡುವ ಮುಖವಿಲ್ಲದೆ ನಿನ್ನ ಅಮ್ಮ ಬರೆಯುತ್ತಿರುವುದು.

ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನಿನ್ನ ನಂಬರು ಒತ್ತಿದೆ. ಮೂರು ಸಲವೂ ಹಲಸಿನ ಹಣ್ಣು, ಮೊಣಕಾಲು ನೋವು ಅಂತ ಏನೇನೋ ಒದರಿ ಇಟ್ಟುಬಿಟ್ಟೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಕುಳಿತಿದ್ದೇನೆ.

ಮಗುವಾಗಲೆಂದು ಹತ್ತು ದಿನ ಹೊಟ್ಟೆಗೆ ಸೂಜಿ ಚುಚ್ಚಿಕೊಂಡೆ ನೀನು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಸ್ಕ್ಯಾನಿನಲ್ಲಿ ಅಂಡಾಶಯದ ಗುಳ್ಳೆಗಳನ್ನು ಎಣಿಸಿ, ನಿನ್ನ ತೂಕ, ವಯಸ್ಸು ಎಲ್ಲ ಸೇರಿಸಿ ಅಂದಾಜು ಮಾಡಿದ್ದರು. ಇಷ್ಟು ಔಷಧ ಕೊಟ್ಟರೆ ಒಂಬತ್ತು ಅಂಡವಾದರೂ ಸಿಗುತ್ತದೆ ಎಂದಿದ್ದರು. ಸಿಕ್ಕಿದ್ದು ಮೂರು, ಆ ಮೂರರಲ್ಲಿ ಒಂದೂ ನಿಲ್ಲಲಿಲ್ಲ. ಔಷಧವನ್ನು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದು ತಪ್ಪಾಯಿತೇನೋ, ಅಕ್ಕಿ ಮೂಟೆ ಎತ್ತಬಾರದಿತ್ತೇನೋ ಎಂದು ನಿನ್ನನ್ನೇ ನೀನು ಬೈದುಕೊಳ್ಳುವಾಗೆಲ್ಲ ನಾನು ಹೂಂಗುಟ್ಟಿದೆ. ಈಗ ನೋಡಿದರೆ, ಇನ್ನೂ ವಯಸ್ಸಿದೆ, ಅವಸರವಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ, ಹೊಸ ವರ್ಷದ ಟೆಟ್ ಹಬ್ಬ ಕಳೆದ ಮೇಲೆ ಇನ್ನೊಂದು ಸಲ ನೋಡೋಣ ಅನ್ನುತ್ತಿದ್ದೀಯ. ಇನ್ನು ಸುಮ್ಮನಿದ್ದರೆ ನಾನು ತಾಯಿಯೇ ಅಲ್ಲ.

ತೋವಾ, ನಿನಗೀಗ ಮೂವತ್ತಾರಲ್ಲ, ಮೂವತ್ತೊಂಬತ್ತು.

ನೀನು ಹುಟ್ಟಿದ್ದು ಹುಲಿ ವರ್ಷದ ಮೊದಲ ತಿಂಗಳಲ್ಲಿ, ನಮ್ಮ ದೋಣಿಯೊಳಗೆ, ಕುಂಬಳಕಾಯಿ ರಾಶಿಯ ಪಕ್ಕದಲ್ಲಿ. ನಲವತ್ತು ದಿನಕ್ಕೆ ನಿನ್ನಪ್ಪ ಹೊಳೆಪಾಲಾದ. ನಿನ್ನಜ್ಜಿ ಜೋಲಿಯ ಕಡೆ ಬೆರಳು ತೋರಿಸಿ, "ಹುಲಿ ವರ್ಷದ ಹೆಣ್ಣು. ಅಪ್ಪನ್ನ ತಿಂದ್ಲು, ನಾಳೆ ಗಂಡನ್ನೂ ತಿಂತಾಳೆ" ಅಂದಳು. ನಿನ್ನನ್ನು ಎತ್ತಿಕೊಂಡು, ದೋಣಿ ಬಿಚ್ಚಿ, ಯಾರೂ ನಮ್ಮನ್ನರಿಯದ ಈ ಕಡೆಗೆ ಬಂದೆ. ದೋಣಿಯವರಿಗೆ ಜನನ ಪತ್ರ ಎಲ್ಲಿಯದು? ಶಾಲೆಗೆ ಸೇರಿಸುವಾಗ ಗುಮಾಸ್ತ ಹುಟ್ಟಿದ ವರ್ಷ ಕೇಳಿದ. ಹುಲಿಯಾದ ಮೇಲೆ ಬೆಕ್ಕು, ಅದರಾಚೆ ಬರುವ ಡ್ರ್ಯಾಗನ್ ವರ್ಷದ ಕೊನೆ ಎಂದು, ಮೂರು ವರ್ಷ ಕಡಿಮೆ ಮಾಡಿ ಬರೆಸಿದೆ. ತರಗತಿಗೆಲ್ಲ ನೀನೇ ಉದ್ದ. ಹುಡುಗಿಯರು ಬಿದಿರು ಅಂತ ಆಡಿಕೊಂಡರೆಂದು ಅಳುತ್ತಾ ಬರುತ್ತಿದ್ದೆ. ಅಪ್ಪನ ಎತ್ತರ ಬಂದಿದೆ ಬಿಡೇ ಎಂದು ನಾನು ಸಮಾಧಾನ ಮಾಡುತ್ತಿದ್ದೆ. ನಿನ್ನಪ್ಪ ನನ್ನ ಭುಜಕ್ಕೂ ಬರುತ್ತಿರಲಿಲ್ಲ.

ಖಿಯೆಮ್‌ಗೆ ನಿನ್ನನ್ನು ಕೊಡುವಾಗ, ಕೋತಿ ವರ್ಷದ ಗಂಡಿಗೆ ಡ್ರ್ಯಾಗನ್ ವರ್ಷದ ಹೆಣ್ಣು ಹೇಳಿ ಮಾಡಿಸಿದ ಜೋಡಿ ಎಂದು ಜ್ಯೋತಿಷಿ ಹೊಗಳಿದ. ಹುಲಿಯಾಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದನಂತೆ. ನಾನು ತಲೆಯಾಡಿಸುತ್ತಾ ಅವನಿಗೆ ಚಹಾ ಬಗ್ಗಿಸಿದೆ.

ಅದನ್ನು ಹೆತ್ತವಳ ಹೆದರಿಕೆ ಅಂತಲಾದರೂ ಅನ್ನಬಹುದು. ಇನ್ನೊಂದಿದೆ, ಅದಕ್ಕೆ ಆ ನೆಪವೂ ಇಲ್ಲ. ಮೊದಲ ದಿನ ಡಾಕ್ಟರಮ್ಮ ನನ್ನ ಕಡೆ ತಿರುಗಿ ಕೇಳಿದ್ದರು, "ಅಮ್ಮಾ, ಇದು ಕಾಗದದ ವಯಸ್ಸಾ, ನಿಜವಾದ ವಯಸ್ಸಾ? ತುಂಬ ಜನಕ್ಕೆ ಎರಡೆರಡು ಇರುತ್ತೆ, ಅದಕ್ಕೆ ಕೇಳ್ದೆ." ನೀನು ನಕ್ಕೆ. ಖಿಯೆಮ್ ಪಕ್ಕದಲ್ಲೇ ಕುಳಿತಿದ್ದ. ನಾನು ನೆಲ ನೋಡುತ್ತಾ ನಿಜವಾದದ್ದೇ ಎಂದೆ. ನಿನ್ನ ಸಂಸಾರ ಉಳಿಸಲು ಹೇಳಿದೆ ಎಂದು ನಾಲ್ಕು ತಿಂಗಳಿಂದ ಮನಸ್ಸಿಗೆ ಸುಳ್ಳು ಹೇಳಿಕೊಂಡು ಬಂದೆ. ನನ್ನ ಮಾನ ಉಳಿಸಿಕೊಳ್ಳಲು ಹೇಳಿದೆ, ಅಷ್ಟೇ.

ನೀನೇನೂ ತಪ್ಪು ಮಾಡಿಲ್ಲ. ಫ್ರಿಜ್ಜಿನದೂ ಅಲ್ಲ, ಅಕ್ಕಿ ಮೂಟೆಯದೂ ಅಲ್ಲ. ಟೆಟ್ ತನಕ ಕಾಯಬೇಡ. ಖಿಯೆಮ್‌ಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು. ಹೇಳಬೇಡ ಎಂದು ಕೇಳುವ ಹಕ್ಕು ನನಗಿಲ್ಲ.

ಮುಖ ತೋರಿಸಲಾರದ
ನಿನ್ನ ಅಮ್ಮ,
ಲಿಯೆಮ್

ತಾ.ಕ.: ಈ ಸಾಲುಗಳನ್ನು ಸೈಗಾನಿನ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಪತ್ರ ಅಂಚೆಗೆ ಹಾಕಲು ಧೈರ್ಯವಾಗದೆ ನಾನೇ ತಂದೆ, ನಿನ್ನ ಬಾಗಿಲು ತಟ್ಟಲು ಧೈರ್ಯವಾಗದೆ ಖಿಯೆಮ್‌ನನ್ನು ಕರೆಸಿ ಎಲ್ಲ ಹೇಳಿದೆ. ಅವನು, "ಮದುವೆಯಾಗಿ ಹದಿಮೂರು ವರ್ಷ ಆಯ್ತಲ್ಲಮ್ಮ, ಇನ್ನೂ ನನ್ನನ್ನ ತಿಂದಿಲ್ಲ" ಅಂದ. ಇಷ್ಟಕ್ಕಾಗಿ ನಾನು ಬಾಯಿ ಮುಚ್ಚಿಕೊಂಡಿದ್ದೆ, ತೋವಾ. ಅವನೇ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಬೈಯಲಿಲ್ಲ. ನಿಜವಾದ ವಯಸ್ಸು ಗೊತ್ತಿದ್ದರೂ ಮೂರೇ ಸಿಗಬಹುದಿತ್ತು, ಆದರೆ ಅವಸರವಿಲ್ಲ ಎಂದು ಮಾತ್ರ ಹೇಳುತ್ತಿರಲಿಲ್ಲ ಅಂದರು. ಪತ್ರವನ್ನು ಖಿಯೆಮ್ ಕೈಯಲ್ಲೇ ಕಳಿಸುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ನೀನು ಬರಬೇಕಂತೆ. ನನ್ನ ಮೇಲಿನ ಸಿಟ್ಟು ಎಷ್ಟು ವರ್ಷ ಬೇಕಾದರೂ ಇಟ್ಟುಕೋ, ಗುರುವಾರ ಮಾತ್ರ ತಪ್ಪಿಸಬೇಡ.